ಮೂರು ಮನೆ, ಒಂದೇ ರಿಸೀವರ್

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಬ್ಬರು, ಸಿರುಗುಪ್ಪದಲ್ಲಿ ಒಬ್ಬರು, ಕುರುಗೋಡಿನಲ್ಲಿ ಒಬ್ಬರು. ಮೂವರ ಮನೆಯಲ್ಲೂ ಒಂದೇ ಕಂಪನಿಯ, ಒಂದೇ ಮಾದರಿಯ ಹೋಮ್ ಥಿಯೇಟರ್ ರಿಸೀವರ್. ಐದು ಸ್ಪೀಕರು, ಒಂದು ಸಬ್‌ವೂಫರು, ಎಲ್ಲ ಸೇರಿ 40 ಸಾವಿರದೊಳಗೆ ಬಂದ ಮಾಲು. ನಾಲ್ಕನೆಯವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿರುವ ಹುಡುಗ. ಬಳ್ಳಾರಿಯಲ್ಲಿ ಬಾಡಿಗೆ ಮನೆ, ಜೊತೆಗೆ ತಾಯಿ. ತಾಯಿಗೆ ಕಿವಿ ಸ್ವಲ್ಪ ಮಂದ. ಕೂಡಿಟ್ಟ ದುಡ್ಡಿನಲ್ಲಿ ಅವನೂ ಅದೇ ರಿಸೀವರ್ ಕೊಳ್ಳಬೇಕೆಂದಿದ್ದಾನೆ. ಕೊಳ್ಳುವ ಮೊದಲು ಮೂವರನ್ನೂ ಕೇಳಿದ.

ಇದು ವಿಚಾರ ಮಾಡಲೆಂದು ನಾನು ಕಟ್ಟಿಕೊಂಡ ಪ್ರಕರಣ. ಮಂದಿ ಕಲ್ಪಿತರು. ಊರುಗಳೂ ಯಂತ್ರದ ಗುಣವೂ ಇದ್ದದ್ದು ಇದ್ದಂತೆಯೇ ಇವೆ.

ಕೌಲ್ ಬಜಾರಿನವರು ಹುಡುಗನ ಸೋದರಮಾವ, ಜೀನ್ಸ್ ಹೊಲಿಗೆಯ ಸಣ್ಣ ಘಟಕ ನಡೆಸುವವರು. ಅವರು ಹೇಳಿದ್ದು: “ಕಣ್ಣು ಮುಚ್ಚಿ ತಗೋ ಅಳಿಯ, ಮಸ್ತ್ ಐತಿ. ಗ್ವಾಡಿ ನಡುಗ್ತಾವು.” ಸಿರುಗುಪ್ಪದವನು ದೊಡ್ಡಪ್ಪನ ಮಗ, ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅವನ ಮಾತು: “ಬ್ಯಾಡ ತಮ್ಮ. ಬರೇ ಸದ್ದು, ಮಾತೇ ಕೇಳಂಗಿಲ್ಲ. ಆ ಮಾಲೇ ಸರಿ ಇಲ್ಲ.” ಕುರುಗೋಡಿನವರು ಹುಡುಗನಿಗೆ ಪಾಠ ಹೇಳಿದ ಮಾಸ್ತರರು. ಅವರು ಇಷ್ಟೇ ಅಂದರು: “ನಾ ಏನೂ ಹೇಳಂಗಿಲ್ಲಪ, ನೀನೇ ಬಂದು ಕೂತು ಕೇಳು.”

ಮೂವರಲ್ಲಿ ಯಾರೂ ಸುಳ್ಳಾಡಿಲ್ಲ. ಆದರೂ ಹುಡುಗನಿಗೆ ದಾರಿ ತಪ್ಪಿದೆ. ತಪ್ಪು ಎಲ್ಲಿದೆ, ಯಾರದು ಎಷ್ಟು, ಅದನ್ನು ನೋಡಬೇಕು.

ಸಿರುಗುಪ್ಪದ ಮನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿಯ ಸಂಗತಿ ಮೂರರಲ್ಲೂ ತೊಡಕಿನದು. ರಿಸೀವರ್ ಅನ್ನುವುದು ಟಿವಿಯಿಂದಲೋ ಸೆಟ್‌ಟಾಪ್ ಬಾಕ್ಸಿನಿಂದಲೋ ಬಂದ ಧ್ವನಿಯನ್ನು ಬಿಡಿಸಿ, ಬಲ ಕೊಟ್ಟು, ಒಂದೊಂದು ಸ್ಪೀಕರಿಗೂ ಅದರದರ ಪಾಲು ಕಳಿಸುವ ಪೆಟ್ಟಿಗೆ. ಮುಂದೆ ಎಡ, ಬಲ, ನಡುವೆ ಒಂದು, ಹಿಂದೆ ಎರಡು. ಸಿನಿಮಾದವರು ಪಾತ್ರಗಳ ಮಾತನ್ನು ಬಹುಪಾಲು ನಡುವಿನ ಸ್ಪೀಕರಿಗೇ ಇಡುತ್ತಾರೆ. ಹಿನ್ನೆಲೆ ಸಂಗೀತ, ಮಳೆ, ಜನರ ಗದ್ದಲ ಉಳಿದವುಗಳಿಗೆ ಹೋಗುತ್ತವೆ. ಹಿಂದಿನ ಎರಡು ಸ್ಪೀಕರು ಕೂತವರ ಅಕ್ಕಪಕ್ಕ, ತುಸು ಹಿಂದಕ್ಕೆ ಇರಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಮೂಗಿನ ನೇರದಿಂದ ಅಳೆದರೆ 100ರಿಂದ 120 ಡಿಗ್ರಿಯಲ್ಲಿ.

ಗುಮಾಸ್ತನ ಮನೆಯಲ್ಲಿ ಏನಾಗಿದೆ? ಅಂಗಡಿಯ ಹುಡುಗ ಸಂಜೆಯ ಅವಸರದಲ್ಲಿ ಬಂದು ಜೋಡಿಸಿದ. ವೈರ್ ಗಿಡ್ಡವಾಯಿತು. ಹಿಂದಿರಬೇಕಾದ ಎರಡೂ ಸ್ಪೀಕರನ್ನು ಶೋಕೇಸಿನ ಮೇಲೆ, ಟಿವಿಯ ಪಕ್ಕದಲ್ಲೇ ಕೂರಿಸಿ ಹೋದ. ಟಿವಿಯ ಸೆಟ್ಟಿಂಗಿನಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನುವುದು ‘ಪಿಸಿಎಂ’ ಎಂದೇ ಉಳಿಯಿತು. ಹಾಗಿದ್ದಾಗ ಟಿವಿ ಐದು ಪಾಲಿನ ಧ್ವನಿಯನ್ನು ಎರಡಕ್ಕೆ ಕಲಸಿ ಕಳಿಸುತ್ತದೆ. ಮಾತು, ಮಳೆ, ತಮಟೆ ಎಲ್ಲವೂ ಒಂದರಲ್ಲೊಂದು ಬೆರೆತಿರುತ್ತವೆ. ಸಾಲದ್ದಕ್ಕೆ ರಿಸೀವರು ‘ಹಾಲ್’ ಮೋಡಿನಲ್ಲಿದೆ. ಅದು ಎಲ್ಲದಕ್ಕೂ ದೊಡ್ಡ ಸಭಾಂಗಣದ ಮಾರ್ದನಿ ಹಚ್ಚುತ್ತದೆ, ಆಡಿದ ಮಾತಿಗೂ. ಮನೆ ಹೊಸದು. ಆರ್‌ಸಿಸಿ ಚಾವಣಿ, ಮಿರಿಮಿರಿ ಟೈಲ್ಸು, ಪರದೆಯಿಲ್ಲದ ಕಿಟಕಿ. ಗೋಡೆಯಿಂದ ಗೋಡೆಗೆ ಸದ್ದು ಪುಟಿಯುತ್ತಲೇ ಇರುತ್ತದೆ.

ಇಷ್ಟೆಲ್ಲ ಆದಮೇಲೆ ಮಾತು ಕೇಳಿಸುವುದಿಲ್ಲ ಎಂದು ಅವನು ದೂರಿದರೆ ಅದು ದಿಟದ ದೂರು. ಈ ಸೀಮೆಯಲ್ಲಿ ಅದು ಸಣ್ಣ ದೂರೂ ಅಲ್ಲ. ಇದು ಬಳ್ಳಾರಿ ರಾಘವರು ನಟಿಸಿದ ಊರಿನ ಸೀಮೆ, ಜೋಳದರಾಶಿ ದೊಡ್ಡನಗೌಡರ ಗಮಕ ಕೇಳಿದ ಸೀಮೆ. ಬಯಲಾಟಕ್ಕೆ ರಾತ್ರಿಯಿಡೀ ಕೂತವರು ವೇಷ ನೋಡಲು ಕೂತಷ್ಟೇ ಮಾತಿಗಾಗಿಯೂ ಕೂತವರು. ದಿನವಿಡೀ ಗಿರಣಿಯ ಗರಗರದಲ್ಲಿದ್ದು ಮನೆಗೆ ಬಂದವನಿಗೆ ಪಾತ್ರ ಏನಂದಿತು ಎಂಬುದೇ ತಿಳಿಯದಿದ್ದರೆ ಆ ಪೆಟ್ಟಿಗೆ ಅವನಿಗೆ ದಂಡವೇ ಸರಿ. ಅವನ ಸಿಟ್ಟಿನ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ. ದುಡ್ಡು ಪೂರ್ತಿ ಕೊಟ್ಟ, ಜೋಡಣೆ ಅರ್ಧ ಸಿಕ್ಕಿತು. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರದಲ್ಲಿದೆ. ಇದರಲ್ಲಿ ದೊಡ್ಡ ಪಾಲು ಹೊಣೆ ಮಾರಿದವರದು.

ಆದರೆ ಅವನು ಹುಡುಗನಿಗೆ ಹೇಳಿದ ಎರಡು ವಾಕ್ಯಗಳನ್ನು ಬೇರೆಬೇರೆಯಾಗಿ ತೂಗಬೇಕು. ‘ಮಾತೇ ಕೇಳಂಗಿಲ್ಲ’ ಅನ್ನುವುದು ಸಾಕ್ಷಿ. ಅವನ ಕಿವಿ ಕೇಳಿದ್ದು, ಅವನ ಮನೆಯಲ್ಲಿ ಆದದ್ದು. ‘ಆ ಮಾಲೇ ಸರಿ ಇಲ್ಲ’ ಅನ್ನುವುದು ತೀರ್ಪು. ತೀರ್ಪು ಕೊಡಲು ಅವನ ಹತ್ತಿರ ಆಧಾರವಿರಲಿಲ್ಲ, ಏಕೆಂದರೆ ಆ ರಿಸೀವರು ತನ್ನ ಕೆಲಸ ಮಾಡಿದ್ದನ್ನು ಅವನು ಒಂದು ದಿನವೂ ಕೇಳಿಲ್ಲ. ಮೊದಲ ವಾಕ್ಯಕ್ಕೆ ನಿಂತಿದ್ದರೆ ಹುಡುಗ ‘ಯಾಕೆ ಕೇಳಿಸಲ್ಲಣ್ಣ?’ ಎಂದು ಕೇಳಬಹುದಿತ್ತು. ಕಾರ್ಖಾನೆಯಲ್ಲಿ ವೈರು, ಫಲಕಗಳ ನಡುವೆ ದುಡಿಯುವವನು ಅವನು, ಒಂದು ಭಾನುವಾರ ಬಂದು ನೋಡಿಯೂ ನೋಡುತ್ತಿದ್ದ. ಎರಡನೆಯ ವಾಕ್ಯ ಆ ಬಾಗಿಲು ಮುಚ್ಚಿತು. ಅಣ್ಣನಾದವನು ತೀರ್ಪು ಕೊಟ್ಟ ಮೇಲೆ ತಮ್ಮನಾದವನು ಮರುಪ್ರಶ್ನೆ ಹಾಕುವುದು ನಮ್ಮ ಮನೆಗಳಲ್ಲಿ ಸುಲಭವಲ್ಲ.

ಇನ್ನು ಮಾವ. ಅವರ ಮನೆಯಲ್ಲಿ ಜೋಡಣೆ ಸರಿಯಾಗಿದೆ, ಧ್ವನಿಯೂ ಚೆನ್ನಾಗಿದೆ. ತೊಂದರೆ ಬೇರೆ ಕಡೆ. ಇಂಥ ಪೆಟ್ಟಿಗೆ ಓಡುವಾಗ ಬಿಸಿಯಾಗುತ್ತದೆ. ಮೇಲುಗಡೆ ನಾಲ್ಕಾರು ಇಂಚು ಗಾಳಿಯಾಡಲು ಬಿಡಬೇಕು. ಮಾವ ಅದನ್ನು ಗಾಜಿನ ಬಾಗಿಲ ಶೋಕೇಸಿನೊಳಗೆ ಇಟ್ಟಿದ್ದಾರೆ, ಬಂದವರಿಗೆ ಕಾಣಲಿ ಎಂದು. ಹೊರಗೇ 40 ಡಿಗ್ರಿ ದಾಟುವ ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಗಾಜಿನೊಳಗೆ ಏನಾಗುತ್ತದೋ ಊಹಿಸಿ. ಸಿನಿಮಾದ ನಡುವೆ ರಿಸೀವರ್ ತಾನಾಗಿ ಆಫ್ ಆಗುತ್ತದೆ. ಸುಡದಿರಲೆಂದು ಅದು ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ ಅದು. ಮಾವನಿಗೆ ಇದು ಗೊತ್ತು. ಅಳಿಯನಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಯಾರೂ ಅವರಿಗೆ ಲಂಚ ಕೊಟ್ಟಿಲ್ಲ, ಅಂಗಡಿಯವನು ನೆಂಟನಲ್ಲ. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗದ ವರದಿ ಪ್ರಕಟಿಸಿದ. ಕೆಲವು ಮಹಿಳೆಯರಿಗೆ ಮನೆಬಳಕೆಯ ಉಪಕರಣಗಳನ್ನು ತೋರಿಸಿ ಅಂಕ ಕೊಡಲು ಹೇಳಿದ. ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಅದು ನಿಮಗೇ ಎಂದ. ಆರಿಸಿದ ನಂತರ ಮತ್ತೆ ಅಂಕ ಕೇಳಿದರೆ, ತಮ್ಮದಾದ ವಸ್ತುವಿಗೆ ಅಂಕ ಏರಿತ್ತು, ಬಿಟ್ಟುಕೊಟ್ಟದ್ದಕ್ಕೆ ಇಳಿದಿತ್ತು. ವಸ್ತು ಬದಲಾಗಿರಲಿಲ್ಲ, ಅದು ತನ್ನದಾಗಿತ್ತು ಅಷ್ಟೇ. ಮಾವನದೂ ಅದೇ ಸ್ಥಿತಿ. ಪೀಸ್ ಲೆಕ್ಕದ ದುಡಿಮೆಯಿಂದ ಮೇಲೆ ಬಂದವರು, ಮನೆಯವರ ಬೇಡವನ್ನು ಮೀರಿ ಕೊಂಡವರು. ಆ ಪೆಟ್ಟಿಗೆಯಲ್ಲಿ ಕುಂದಿದೆ ಎಂದರೆ ಅವರ ಆಯ್ಕೆಯಲ್ಲಿ ಕುಂದಿದೆ ಎಂದಂತೆ. ಅವರು ಹೊಗಳಿದ್ದು ರಿಸೀವರನ್ನಲ್ಲ, ತಮ್ಮ ನಿರ್ಧಾರವನ್ನು.

‘ಗೋಡೆ ನಡುಗುತ್ತದೆ’ ಎಂಬ ಹೊಗಳಿಕೆಯೂ ಹುಡುಗನ ಅಗತ್ಯಕ್ಕೆ ಹೊಂದುವುದಲ್ಲ. ಡಬ್ಬಿಯ ಮೇಲೆ ಅಚ್ಚಾದ ಸಾವಿರ ವ್ಯಾಟಿನ ಅಂಕಿ ನೋಡಿ ಕೊಳ್ಳುವುದು ನಮ್ಮ ಪೇಟೆಗಳಲ್ಲಿ ರೂಢಿ. ಹಿಂದೆ ಟೇಪ್ ರೆಕಾರ್ಡರುಗಳ ಕಾಲದಲ್ಲಿ ಪಿಎಂಪಿಒ ಎಂಬ ಹೆಸರಿನಲ್ಲಿ ಇನ್ನೂ ದೊಡ್ಡ ಅಂಕಿ ಅಚ್ಚಾಗುತ್ತಿತ್ತು. ಈ ಬಗೆಯ ಅಂಕಿಗಳನ್ನು ಹದ್ದುಬಸ್ತಿಗೆ ತರಲು ಅಮೆರಿಕದ ವ್ಯಾಪಾರ ಆಯೋಗ 1974ರಲ್ಲೇ ನಿಯಮ ಮಾಡಬೇಕಾಯಿತು. ವಾಸ್ತವದಲ್ಲಿ, ಸಾಧಾರಣ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ದಾಟಿ ಸದ್ದು ಮಾಡುತ್ತದೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬಲ ಬೇಕು. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಕೂತು ಸಿನಿಮಾ ನೋಡುವವರು ದಿನನಿತ್ಯ ಬಳಸುವುದು ಬೆರಳೆಣಿಕೆಯ ವ್ಯಾಟು. ಕಿವಿ ಮಂದವಾದ ತಾಯಿಗೆ ಬೇಕಿದ್ದದ್ದು ನಡುವಿನ ಸ್ಪೀಕರನ್ನಷ್ಟೇ ನಾಲ್ಕೈದು ಡೆಸಿಬೆಲ್ ಎತ್ತರಿಸುವ ಸೌಲಭ್ಯ. ಅದು ಆ ರಿಸೀವರಿನಲ್ಲಿ ಇದೆ, ಮಾವನ ಕೈಯ ರಿಮೋಟಿನಲ್ಲೇ ಇದೆ. ಯಾತಕ್ಕೆ ಬೇಕು, ಯಾರು ಕೇಳುವವರು ಎಂದು ಮಾವ ವಿಚಾರಿಸಿದ್ದರೆ ಆ ಮಾತು ಬಂದೇ ಬರುತ್ತಿತ್ತು. ಹುಡುಗನ ತಾಯಿ ಅವರ ಒಡಹುಟ್ಟಿದ ಅಕ್ಕ. ಇದು ನನಗೆ ಎಲ್ಲಕ್ಕಿಂತ ನೋವಿನದಾಗಿ ಕಾಣುತ್ತದೆ.

ಮಾಸ್ತರರ ಉತ್ತರ ಮೂರರಲ್ಲಿ ಸಭ್ಯವಾದದ್ದು. ಬಂದು ಕೇಳು ಅನ್ನುವವನು ತೀರ್ಪು ಹೇರುವುದಿಲ್ಲ. ಆದರೂ ಅಷ್ಟಕ್ಕೆ ಬಿಡಲಾರೆ. ಕುರುಗೋಡಿನ ಅವರ ಮನೆ ದಪ್ಪ ಕಲ್ಲುಗೋಡೆಯ, ಜಂತಿಗಳ ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆ ಮನೆ. ಸಾಲು ಜಂತಿಗಳು ಸದ್ದನ್ನು ಚದುರಿಸುತ್ತವೆ, ಒರಟು ಗೋಡೆ, ಗೂಡುಗಳು, ಗೋಣಿಚೀಲ, ಹಾಸಿಗೆ ಸುರುಳಿಗಳು ಒಂದಿಷ್ಟು ಹೀರಿಕೊಳ್ಳುತ್ತವೆ. ಅಲ್ಲಿ ಸಾಮಾನ್ಯ ಸ್ಪೀಕರೂ ಸ್ಪಷ್ಟವಾಗಿ ಮಾತಾಡುತ್ತದೆ. ಹುಡುಗ ಅಲ್ಲಿ ಕೂತು ಕೇಳಿ, ಮೆಚ್ಚಿ, ಕೊಂಡು, ತನ್ನ ಬಾಡಿಗೆಯ ಆರ್‌ಸಿಸಿ ಕೋಣೆಯಲ್ಲಿ ಹಚ್ಚಿದರೆ ಬೇರೆಯದೇ ಧ್ವನಿ ಕೇಳಿಸುತ್ತದೆ. ಹಾಗಾಗಿ, ಕೇಳಿಸುವುದು ಸಾಲದು. ‘ನಮ್ಮದು ಮಾಳಿಗೆ ಮನೆ, ನಿಮ್ಮದಲ್ಲ’ ಎಂಬ ಒಂದು ಮಾತನ್ನು ಸೇರಿಸಬೇಕಿತ್ತು. ಬಾಯಿ ಬಿಗಿಹಿಡಿದದ್ದು ಸೌಜನ್ಯವೇ ಇರಬಹುದು. ಪಾಠ ಹೇಳಿದವರಿಂದ ಶಿಷ್ಯ ಅದಕ್ಕಿಂತ ಹೆಚ್ಚನ್ನು ಕೇಳುವ ಹಕ್ಕುಳ್ಳವನು.

ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಯಾರ ಮಾತನ್ನು ಪ್ರಮಾಣವಾಗಿ ಹಿಡಿಯಬಹುದು ಎಂಬ ಪ್ರಶ್ನೆ ಎತ್ತಿಕೊಳ್ಳುತ್ತಾನೆ. ವಸ್ತುವನ್ನು ತಾನೇ ಕಂಡಿರಬೇಕು, ಕಂಡದ್ದನ್ನು ಕಂಡಂತೆ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಆಡಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಹೇಳುತ್ತಾನೆ. ಹುಟ್ಟು, ವಯಸ್ಸು, ನೆಂಟಸ್ತನ ಯಾವುದೂ ಲೆಕ್ಕಕ್ಕಿಲ್ಲ. ಇಷ್ಟು ಹಳೆಯ, ಇಷ್ಟು ಉದಾರವಾದ ಅಳತೆಗೋಲು ನಮ್ಮ ಕೈಯಲ್ಲಿದ್ದೂ, ನಾವು ಒಂದು ಪೆಟ್ಟಿಗೆಯ ಬಗ್ಗೆ ಹೇಳುವಾಗ ಅದನ್ನು ಬಳಸುವುದಿಲ್ಲ. ಮಾವ ಕಂಡಿದ್ದಾರೆ, ಕಂಡಂತೆ ಹೇಳುವ ಇಚ್ಛೆ ಇರಲಿಲ್ಲ. ಗುಮಾಸ್ತನಿಗೆ ಇಚ್ಛೆ ಇತ್ತು, ತಮ್ಮನ ದುಡ್ಡು ಉಳಿಯಲಿ ಎಂಬ ಕಳಕಳಿಯೇ ಇತ್ತು. ಕಂಡಿರಲಿಲ್ಲ.

ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನಕ ತಂದಿತು. ಮಾರಾಟ ತಾಣಗಳಲ್ಲಿ ಬರುವ ಗ್ರಾಹಕರ ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಬೇಕು, ಪರಿಶೀಲಿಸಬೇಕು, ಪ್ರಕಟಿಸಬೇಕು ಎಂಬುದರ ಬಗ್ಗೆ. ದುಡ್ಡು ಕೊಟ್ಟು ಬರೆಸಿದ ಸುಳ್ಳು ಹೊಗಳಿಕೆಯನ್ನು ತಡೆಯಲು ಅದು ಒಳ್ಳೆಯ ಹೆಜ್ಜೆ. ನಮ್ಮ ಪ್ರಕರಣದಲ್ಲಿ ಯಾರೂ ದುಡ್ಡು ಪಡೆದಿಲ್ಲ, ಮೂವರೂ ದುಡ್ಡು ಕೊಟ್ಟವರೇ. ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಫೋನಿನಲ್ಲಿ ನೆಂಟರು ಆಡುವ ಅರೆಸತ್ಯಕ್ಕೆ ಯಾವ ಮಾನಕವೂ ಇಲ್ಲ. ಹಾಗಿರುವಾಗ ಆಡುವವರ ಮೇಲೇ ಹೊಣೆ ಬೀಳುತ್ತದೆ.

ನನ್ನ ಲೆಕ್ಕದಲ್ಲಿ ಮಾವನ ತಪ್ಪು ದೊಡ್ಡದು, ಆದರೆ ಸುಲಭವಾಗಿ ತಿದ್ದಿಕೊಳ್ಳಬಹುದಾದದ್ದು. ಗಾಜಿನೊಳಗೆ ಇಡಬೇಡ, ಬೇಸಿಗೆಯಲ್ಲಿ ಆಫ್ ಆಗುತ್ತದೆ ಎಂದು ಒಂದು ಫೋನು ಮಾಡಿದರೆ ಮುಗಿಯಿತು. ಗುಮಾಸ್ತನ ತಪ್ಪು ಚಿಕ್ಕದು, ತಿದ್ದುವುದು ಕಷ್ಟ. ಮುಂದೆ ಯಾರೋ ಬಂದು ಸ್ಪೀಕರುಗಳನ್ನು ಹಿಂದಕ್ಕೆ ಸರಿಸಿ, ಟಿವಿಯ ಸೆಟ್ಟಿಂಗ್ ಬದಲಿಸಿ, ಮೋಡ್ ತೆಗೆದು, ಮಾತು ಸ್ಫುಟವಾಗಿ ಕೇಳಿಸತೊಡಗಿತು ಎಂದುಕೊಳ್ಳಿ. ಆಗ ಅವನು ಸುಮ್ಮನೆ ಸಿನಿಮಾ ನೋಡುತ್ತ ಕೂರುವಂತಿಲ್ಲ. ‘ಮಾಲು ಸರಿ ಇಲ್ಲ’ ಎಂದು ತಾನು ಯಾರ್ಯಾರಿಗೆ ಹೇಳಿದ್ದನೋ ಅವರಿಗೆಲ್ಲ, ಗಿರಣಿಯ ಜೊತೆಗಾರರಿಗೆ, ತಮ್ಮನಿಗೆ, ‘ಅದು ಜೋಡಣೆಯ ದೋಷವಾಗಿತ್ತು’ ಎಂದು ಹೇಳಿ ಬರಬೇಕು. ಸಿಟ್ಟಿನಲ್ಲಿ ಆಡಿದ ಅಭಿಪ್ರಾಯ ಬೇಗ ಹರಡುತ್ತದೆ, ತಿದ್ದುಪಡಿಗೆ ಕಾಲು ಹುಟ್ಟುವುದಿಲ್ಲ. ಆಡಿದವನೇ ಅದನ್ನು ಹೊತ್ತು ತಿರುಗಬೇಕು.

ಇಷ್ಟೂ ಹೊತ್ತು ನಾನೂ ಕೊಂಡವರ ಮಾತನ್ನಷ್ಟೇ ತೂಗಿದೆ. ಧ್ವನಿ ಕೊಂಡವನೊಬ್ಬನಿಗೇ ಕೇಳಿಸುವ ವಸ್ತುವಲ್ಲ. ಹುಡುಗನ ಬಾಡಿಗೆ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಖಾಸಗಿ ಧ್ವನಿವ್ಯವಸ್ಥೆಯ ಸದ್ದು ಮನೆಯ ಗಡಿಯಲ್ಲಿ ಆ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಗೋಡೆ ನಡುಗುವ ಸುಖಕ್ಕೆ ಗೋಡೆಯ ಆಚೆಯವರೂ ಪಾಲುದಾರರು, ಅವರ ಅಭಿಪ್ರಾಯ ಯಾರೂ ಕೇಳಿಲ್ಲ.

ಕೌಲ್ ಬಜಾರಿನ ಮನೆಯಲ್ಲಿ ಮಾವ ಸಿನಿಮಾ ಹಚ್ಚುವ ಮೊದಲು ಶೋಕೇಸಿನ ಗಾಜು ತೆರೆದು, ಟೇಬಲ್ ಫ್ಯಾನನ್ನು ಆ ಕಡೆ ತಿರುಗಿಸಿ ಇಡುವವರು ಅತ್ತೆ. ಪೆಟ್ಟಿಗೆ ಯಾವ ಹೊತ್ತಿಗೆ, ಎಷ್ಟು ಹೊತ್ತಿನ ಮೇಲೆ ಆಫ್ ಆಗುತ್ತದೆ ಎಂಬುದು ಅವರಿಗೆ ಗೊತ್ತು. ಮಧ್ಯಾಹ್ನದ ಧಾರಾವಾಹಿಗೆ ಅದು ಬೇಕೇ ಆಗುವುದಿಲ್ಲ, ಟಿವಿಯದೇ ಸ್ಪೀಕರ್ ಸಾಕು ಎಂಬುದೂ ಗೊತ್ತು. ಬಹುಪಾಲು ವಾಹಿನಿಗಳ ಧ್ವನಿ ಎರಡೇ ಪಾಲಿನದು ಎಂಬ ತಾಂತ್ರಿಕ ಸಂಗತಿಯನ್ನು ಅವರು ಬಳಕೆಯಿಂದಲೇ ಕಂಡುಕೊಂಡಿದ್ದಾರೆ. ಕೊಂಡದ್ದು ಅವರಲ್ಲ, ಹಾಗಾಗಿ ಸಮರ್ಥಿಸಿಕೊಳ್ಳುವ ಗರಜೂ ಅವರಿಗಿಲ್ಲ. ಗಂಡನ ಅಕ್ಕನ ಕಿವಿ ಎಷ್ಟು ಮಂದ ಎಂಬುದನ್ನು ಅವರಷ್ಟು ಬಲ್ಲವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಹುಡುಗ ಇನ್ನೂ ದುಡ್ಡು ಕಟ್ಟಿಲ್ಲ. ಇನ್ನೊಂದು ಸಲ ಕೌಲ್ ಬಜಾರಿಗೆ ಹೋಗಲಿ, ಮಾವ ಘಟಕದಲ್ಲಿರುವ ಹೊತ್ತಿಗೆ, ಅತ್ತೆಯನ್ನು ಕೇಳಲಿ.