ಮರೆಯಾದ ಅಂಕಗಳು

ಸಮಾನರನ್ನು ಸಮಾನವಾಗಿ ಕಾಣುವುದೇ ನ್ಯಾಯವೆಂಬುದು ಸರ್ವರೂ ಒಪ್ಪುವ ಮಾತು. ಆದರೆ ಒಂದೇ ಅಂಕ ಪಡೆದ ಇಬ್ಬರು ವಿದ್ಯಾರ್ಥಿಗಳು ಅಷ್ಟರಿಂದಲೇ ಸಮಾನರೆನಿಸುವರೇ? ಅಮೆರಿಕದ ಕಾಲೇಜುಗಳ ಪ್ರವೇಶ ಪದ್ಧತಿಯಲ್ಲಿ ಈ ಪ್ರಶ್ನೆ ದಶಕಗಳಿಂದ ಚರ್ಚೆಗೆ ಒಳಗಾಗಿದೆ.

1926ರಲ್ಲಿ ಆರಂಭವಾದ ಎಸ್.ಎ.ಟಿ. ಪರೀಕ್ಷೆಗೆ ಇಂದು ಗರಿಷ್ಠ 1600 ಅಂಕಗಳು. ಭಾಷೆಗೆ 800, ಗಣಿತಕ್ಕೆ 800. ಅನೇಕ ಕಾಲೇಜುಗಳು ಶಾಲೆಯ ಫಲಿತಾಂಶ, ಶಿಕ್ಷಕರ ಶಿಫಾರಸು, ವಿದ್ಯಾರ್ಥಿಯ ಪ್ರಬಂಧ ಮೊದಲಾದವುಗಳ ಜೊತೆಯಲ್ಲಿಟ್ಟು ಈ ಅಂಕವನ್ನು ಪರಿಶೀಲಿಸುತ್ತವೆ. ಪರೀಕ್ಷೆಯನ್ನು ಹಲವು ಬಾರಿ ಬರೆದವರಿಗೆ ಪ್ರತಿ ಭಾಗದ ಅತ್ಯುತ್ತಮ ಅಂಕವನ್ನಷ್ಟೇ ಆಯ್ದು ಕೂಡಿಸುವ ಕಾಲೇಜುಗಳೂ ಬಹಳ. ಮೇಲ್ನೋಟಕ್ಕೆ ಇದು ಉದಾರವಾದ ಕ್ರಮ. ಬಡ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿಯೂ ಉಂಟು. ಆದರೆ ಅನುಕೂಲಸ್ಥರು ಹಣ ತೆತ್ತು ಪಡೆಯುವ ಖಾಸಗಿ ಪಾಠಕ್ಕೆ ವಿನಾಯಿತಿ ಎಲ್ಲಿಯದು?

2020ರಲ್ಲಿ ಕೋವಿಡ್ ವ್ಯಾಧಿಯಿಂದ ಪರೀಕ್ಷೆಗಳು ಅಸ್ತವ್ಯಸ್ತಗೊಂಡಾಗ, ಅಂಕವನ್ನು ಕಳುಹಿಸುವುದೂ ಬಿಡುವುದೂ ವಿದ್ಯಾರ್ಥಿಯ ಇಚ್ಛೆಗೆ ಸೇರಿದ್ದೆಂದು ಅನೇಕ ಕಾಲೇಜುಗಳು ಸಾರಿದವು. ಬಡವರಿಗೆ ಇದರಿಂದ ಉಪಕಾರವಾದೀತೆಂದೇ ಹಲವರು ನಂಬಿದರು. ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರು ನಡೆಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಹಿಂದುಳಿದ ಹಿನ್ನೆಲೆಯ ಕೆಲವು ವಿದ್ಯಾರ್ಥಿಗಳು 1400ರ ಆಸುಪಾಸಿನ ಅಂಕ ಪಡೆದಿದ್ದರೂ, ಅಂತಹ ಕಾಲೇಜಿಗೆ ಇದು ಸಾಲದೆಂದು ತಿಳಿದು ಅದನ್ನು ಮರೆಮಾಡಿದ್ದರು. ಪ್ರವೇಶಾಧಿಕಾರಿಗಳಾದರೋ ಅಂಕವನ್ನು ಆಯಾ ಶಾಲೆಯ ಸ್ಥಿತಿಗತಿಗೆ ಹೋಲಿಸಿ ನೋಡುವವರು. ಸಾಧಾರಣ ಶಾಲೆಯೊಂದರಿಂದ ಬಂದ 1400 ಅವರ ಕಣ್ಣಿಗೆ ದೊಡ್ಡ ಸಾಧನೆಯಾಗಿಯೇ ತೋರುತ್ತಿತ್ತು. ತೋರಿಸಿದ್ದರೆ ಬಾಗಿಲು ತೆರೆಯುವ ಸಂಭವವಿದ್ದ ಅಂಕವನ್ನು ಆ ಮಕ್ಕಳು ನಾಚಿಕೆಯಿಂದಲೋ ಅಳುಕಿನಿಂದಲೋ ಮುಚ್ಚಿಟ್ಟುಕೊಂಡಿದ್ದರು.

ಇಲ್ಲಿ ದೋಷ ಮಕ್ಕಳದೆಂದು ಹೇಳಲಾಗದು. ಅಂಕವನ್ನು ಪರಿಸ್ಥಿತಿಯೊಡನೆ ತೂಗುವುದು ನ್ಯಾಯವೇ ಸರಿ. ಆದರೆ ತೂಗುವ ಬಗೆ ತೂಗುವವರಿಗೆ ಮಾತ್ರ ಚೆನ್ನಾಗಿ ತಿಳಿದಿದ್ದರೆ ಆ ನ್ಯಾಯ ಅರ್ಧಕ್ಕೇ ನಿಲ್ಲುತ್ತದೆ. ಸಲಹೆಗಾರರನ್ನು ನೇಮಿಸಿಕೊಂಡ ಮನೆಯವರಿಗೆ ಕಳುಹಿಸಬೇಕೋ ಬಿಡಬೇಕೋ ಎಂಬ ಲೆಕ್ಕ ತಿಳಿದಿರುತ್ತದೆ. ಕಾಲೇಜಿನ ಮೆಟ್ಟಿಲನ್ನೇ ಕಾಣದ ತಂದೆತಾಯಿಗಳ ಮಗಳು ಯಾರನ್ನು ಕೇಳಬೇಕು? ಆಯ್ಕೆಯ ಸ್ವಾತಂತ್ರ್ಯವೆಂದು ಕೊಟ್ಟದ್ದು ಅವಳ ಪಾಲಿಗೆ ಊಹೆಯ ಭಾರವಾಯಿತು.

ಡಾರ್ಟ್‌ಮತ್ 2024ರಲ್ಲಿ ಅಂಕವನ್ನು ಮತ್ತೆ ಕಡ್ಡಾಯಗೊಳಿಸುವುದಾಗಿ ಪ್ರಕಟಿಸಿತು, ಎಂ.ಐ.ಟಿ. 2022ರಲ್ಲಿಯೇ ಈ ನಿರ್ಧಾರ ಕೈಗೊಂಡಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಪ್ರವೇಶ ನಿರ್ಣಯದಲ್ಲಿ ಈ ಅಂಕಗಳನ್ನು ನೋಡುವುದೇ ಇಲ್ಲವೆಂದು 2021ರಲ್ಲಿ ಒಪ್ಪಿಕೊಂಡಿತು. ಎರಡರಲ್ಲಿ ಯಾವುದು ಮೇಲೆಂಬ ವಾದ ಮುಗಿದಿಲ್ಲ. ಎರಡೂ ಕಡೆ ಅಂಕವನ್ನು ತೋರಿಸಬೇಕೋ ಮುಚ್ಚಿಡಬೇಕೋ ಎಂಬ ಚಿಂತೆಯಾದರೂ ಆ ಹುಡುಗಿಗೆ ತಪ್ಪುತ್ತದೆ.