ಋಣ ಯಾರದು?

ಮತ್ತಿಕೆರೆಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ಹುಡುಗ ಎನ್ನುವುದು ನನ್ನ ವಯಸ್ಸಿನ ಸಲಿಗೆ. ಆತನಿಗೆ ಇಪ್ಪತ್ತೊಂಬತ್ತು ತುಂಬಿದೆ, ಎಂ.ಬಿ.ಬಿ.ಎಸ್. ಮುಗಿಸಿ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ಈಚೆಗೆ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಮೂರು ತಿಂಗಳು ದುಡಿದು ಬಂದ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಹಾಗೆ ಮೂರು ತಿಂಗಳು ಇದ್ದು ಬರಬೇಕೆಂದು 2020ರಲ್ಲಿ ನಿಯಮವಾಯಿತು. ಕಾಫಿಗೆ ಕರೆದು, "ಹೇಗಿತ್ತಪ್ಪ? ಓದು ಮುಗಿದ ಮೇಲೆ ಅಂಥ ಊರಿಗೆ ಹೋಗ್ತೀಯೇನು?" ಎಂದು ಕೇಳಿದೆ.

"ಊರಿಗೆ ಹೋಗೋಕೆ ಹೆದರಿಕೆ ಇಲ್ಲ ಮೇಷ್ಟ್ರೇ. ಅಲ್ಲಿ ಒಬ್ಬನೇ ಆಗಿಬಿಡ್ತೀನಲ್ಲ, ಅದಕ್ಕೆ ಹೆದರಿಕೆ" ಎಂದ.

ಈ ಉತ್ತರ ಮೊದಲು ನನಗೆ ಹಿಡಿಸಲಿಲ್ಲ. ನಮ್ಮಂಥ ಪಾಠ ಹೇಳುವವರಿಗೆ ತ್ಯಾಗವೆಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೇರೆಯವರು ಮಾಡಬೇಕಾದ ತ್ಯಾಗವಾದರಂತೂ ಸರಿಯೇ ಸರಿ. ಆದರೆ ರಾತ್ರಿ ಮಲಗಿದಾಗ ಇನ್ನೊಬ್ಬ ಹುಡುಗನ ಮುಖ ನೆನಪಿಗೆ ಬಂದು ನಿದ್ದೆ ಕೆಡಿಸಿತು.

ಆರು ವರ್ಷದ ಹಿಂದಿನ ಮಾತು. ನನ್ನ ಸೋದರಮಾವನಿಗೆ ಬಹುಕಾಲದಿಂದ ಹರ್ನಿಯಾ ಇತ್ತು. ತೊಡೆಸಂದಿನ ಊತವನ್ನು ಪಂಚೆಯ ಮರೆಯಲ್ಲಿಟ್ಟುಕೊಂಡೇ ಹೊಲಗೆಲಸ ಮಾಡುತ್ತಿದ್ದರು. ಒಂದು ಸಂಜೆ ಊತ ಕಲ್ಲಿನಂತಾಗಿ ವಾಂತಿ ಹತ್ತಿತು. ರಜೆಗೆಂದು ಊರಿಗೆ ಹೋಗಿದ್ದ ನಾನೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದ ಶಸ್ತ್ರಚಿಕಿತ್ಸಕ ತೀರ ಚಿಕ್ಕವನು, ಕಡ್ಡಾಯ ಸೇವೆಯ ವರ್ಷದಲ್ಲಿದ್ದವನು. ನೋಡಿದೊಡನೆ ರೋಗವನ್ನು ಗುರುತಿಸಿದ: ಕರುಳು ಸಿಕ್ಕಿಕೊಂಡಿದೆ, ಅದಕ್ಕೆ ರಕ್ತ ಹರಿಯುವುದು ನಿಂತಿದೆ, ಕೆಲವು ಗಂಟೆಗಳೊಳಗೆ ಬಿಡಿಸದಿದ್ದರೆ ಕೊಳೆಯುತ್ತದೆ. ಎಲ್ಲ ಸರಿ, ಆದರೆ ಅರಿವಳಿಕೆ ಕೊಡುವ ವೈದ್ಯರ ಹುದ್ದೆ ಖಾಲಿ. ವಾರಕ್ಕೆರಡು ದಿನ ಬೇರೆ ಊರಿನಿಂದ ಒಬ್ಬರು ಬಂದು ಹೋಗುತ್ತಿದ್ದರು, ಅಂದು ಆ ದಿನವಲ್ಲ. ಅರ್ಧ ಗಂಟೆ ಅಲ್ಲಿಗೆ ಇಲ್ಲಿಗೆ ಫೋನು ಮಾಡಿದ. ಕಡೆಗೆ ಆಂಬುಲೆನ್ಸು ಕರೆಸಿದ.

ಅದು ಹೊರಡುವ ಮುನ್ನ ನಾನು ಆತನ ಮೇಲೆ ಕೂಗಾಡಿದೆ. "ಜನರ ದುಡ್ಡಿನಲ್ಲಿ ಓದಿದ್ದೀರಿ, ನಾಚಿಕೆಯಾಗೋದಿಲ್ಲವೇ?" ಎಂದೆ. ನೆರೆದವರು ದನಿಗೂಡಿಸಿದರು. ಆತ ಉತ್ತರ ಕೊಡಲಿಲ್ಲ. ಸ್ಟೆತಾಸ್ಕೋಪಿನ ಕೊಳವೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ನಗರ ಮುಟ್ಟುವ ಹೊತ್ತಿಗೆ ನಂಜು ಏರಿತ್ತು. ಮೂರನೆಯ ದಿನ ಮಾವ ತೀರಿಕೊಂಡರು.

ನನ್ನ ಆ ಮಾತಿಗೆ ಶಾಸನದ ಬೆಂಬಲವೇನೋ ಇದೆ. ವೈದ್ಯ ವ್ಯಾಸಂಗ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕೆಂಬ ಕರ್ನಾಟಕದ 2012ರ ಅಧಿನಿಯಮ 2015ರಲ್ಲಿ ಜಾರಿಗೆ ಬಂತು. 2023ರ ತಿದ್ದುಪಡಿಯ ಮೇಲೆ ಹುದ್ದೆ ಖಾಲಿಯಿದ್ದಷ್ಟು ಮಂದಿಯನ್ನು ಕರೆದರೆ ಸಾಕೆಂದಾಯಿತು. ಇಂಥ ಕರಾರುಗಳು ಸಿಂಧುವೆಂದು ಸುಪ್ರೀಂ ಕೋರ್ಟೂ 2019ರಲ್ಲಿ ಹೇಳಿದೆ. ಋಣದ ವಾದವನ್ನು ನಾನು ತಳ್ಳಿಹಾಕುವವನಲ್ಲ. ದುಡ್ಡಿನ ಮಾತು ಹಾಗಿರಲಿ, ಕೈ ಪಳಗುವುದು ಬಡವರ ಮೈಮೇಲೆ. ದೊಡ್ಡಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದವರು ಪ್ರತಿಯೊಬ್ಬ ಶಸ್ತ್ರಚಿಕಿತ್ಸಕನಿಗೂ ಗುರುಗಳೇ. ಆ ಋಣ ತೀರಬೇಕಾದದ್ದೇ.

ಆದರೆ ತೀರಿಸು ಎನ್ನುವವರಿಗೆ ಏನೂ ಹೊಣೆಯಿಲ್ಲವೆ? ಶಸ್ತ್ರಚಿಕಿತ್ಸೆ ಒಬ್ಬನ ಕೆಲಸವೇ ಅಲ್ಲ. ಜಗತ್ತಿನ ಐನೂರು ಕೋಟಿ ಜನಕ್ಕೆ ಸುರಕ್ಷಿತ ಶಸ್ತ್ರಚಿಕಿತ್ಸೆ ಎಟುಕುತ್ತಿಲ್ಲವೆಂದು 2015ರಲ್ಲಿ ವರದಿ ಕೊಟ್ಟ ಲ್ಯಾನ್ಸೆಟ್ ಆಯೋಗ, ಲಕ್ಷ ಜನಕ್ಕೆ ಇಪ್ಪತ್ತು ತಜ್ಞರಾದರೂ ಬೇಕೆಂದಿತು. ಆ ಇಪ್ಪತ್ತರಲ್ಲಿ ಶಸ್ತ್ರಚಿಕಿತ್ಸಕರು, ಅರಿವಳಿಕೆಯವರು, ಹೆರಿಗೆಯ ತಜ್ಞರು ಮೂವರೂ ಸೇರಿದ್ದಾರೆ. ಲೆಕ್ಕವನ್ನೇ ಹಾಗೆ ಕೂಡಿಸಿ ಇಟ್ಟಿದ್ದಾರೆ. ನಾವೋ ಮೂವರಲ್ಲಿ ಒಬ್ಬನನ್ನು ಕಳಿಸಿ, ಅವನಿಂದ ಮೂವರ ಕೆಲಸವನ್ನೂ, ಮೇಲೆ ಒಂದಿಷ್ಟು ಆದರ್ಶವನ್ನೂ ನಿರೀಕ್ಷಿಸುತ್ತೇವೆ.

ನಾನು ಮೊದಲ ಸಲ ಪಂಪನನ್ನು ಪಾಠ ಮಾಡಿದಾಗ ನಮ್ಮ ಹಿರಿಯ ಅಧ್ಯಾಪಕರೊಬ್ಬರು ಕೊನೆಯ ಬೆಂಚಿನಲ್ಲಿ ಬಂದು ಕೂತಿದ್ದರು. ಒಂದು ಪದ್ಯದ ಅನ್ವಯ ತಪ್ಪಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ತಿದ್ದಿದರು. ಅನ್ವಯ ತಪ್ಪಿದರೆ ಯಾರೂ ಸಾಯುವುದಿಲ್ಲ. ಆದರೂ ನನಗೆ ಒಬ್ಬರು ಹಿಂದೆ ಕೂತವರಿದ್ದರು. ನಮ್ಮ ಮಹಡಿಯ ಹುಡುಗನೂ ಜಿಲ್ಲಾ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆದದ್ದನ್ನು ಹೇಳಿದ. ಹಿರಿಯ ಸರ್ಜನ್ ಪಕ್ಕದಲ್ಲೇ ನಿಂತಿದ್ದರಂತೆ. "ಅವರು ಕೈ ಹಾಕಲೇ ಇಲ್ಲ ಮೇಷ್ಟ್ರೇ. ಇದ್ದರು, ಅಷ್ಟೇ. ನನ್ನ ಕೈ ನಡುಗಲಿಲ್ಲ."

ಹಿಂದಿನವರು ಒಂಟಿಯಾಗಿಯೇ ದುಡಿಯಲಿಲ್ಲವೆ ಎಂದು ಕೇಳುವವರುಂಟು. ದುಡಿದರು. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಸಣ್ಣ ಊರಿನಲ್ಲಿ ಡಾ. ತೋಂಗಾಂವ್‌ಕರ್ ಅವರು, ಹರ್ನಿಯಾಕ್ಕೆ ಹೊಲಿಯುವ ದುಬಾರಿ ಜಾಲರಿಗೆ ಬದಲು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಿಮಾಡಿ ಬಳಸಿ ತೋರಿಸಿದರು. ಅಂಥದೇ ಬಟ್ಟೆಯನ್ನು ಉಗಾಂಡದಲ್ಲಿ ದುಬಾರಿ ಜಾಲರಿಯೊಡನೆ ಹೋಲಿಸಿ ನೋಡಿದವರು, ಒಂದು ವರ್ಷದ ಮೇಲೂ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 2016ರಲ್ಲಿ ಪ್ರಕಟಿಸಿದರು. (ನಮ್ಮ ಮಾವನಿಗೆ ಸಕಾಲದಲ್ಲಿ ಅಷ್ಟು ಬಟ್ಟೆ ಸಾಕಾಗುತ್ತಿತ್ತು.) ಆದರೆ ಹಳ್ಳಿಗಾಡಿನಲ್ಲಿ ದುಡಿಯುವ ಇಂಥ ಶಸ್ತ್ರಚಿಕಿತ್ಸಕರೇ 1992ರಲ್ಲಿ ತಮ್ಮದೊಂದು ಅಖಿಲ ಭಾರತ ಸಂಘ ಕಟ್ಟಿಕೊಂಡರೆಂಬುದನ್ನು ಮರೆಯಬಾರದು. ಗಟ್ಟಿಗರಿಗೂ ಜೊತೆ ಬೇಕಾಯಿತು.

ಸಂಬಳ ಹೆಚ್ಚಿಸಬೇಕು, ವಸತಿಗೃಹ ಸೋರಬಾರದು. ಇವನ್ನು ಎಲ್ಲರೂ ಒಪ್ಪುತ್ತಾರೆ. ಕೊಡಲು ಕಷ್ಟವಾದದ್ದು ಬೇರೆ: ರಾತ್ರಿ ಎರಡು ಗಂಟೆಗೆ ಫೋನೆತ್ತುವ ಒಬ್ಬ ಹಿರಿಯ, ತಿಂಗಳಿಗೆ ನಾಲ್ಕು ದಿನ ಬಂದು ಮೇಜಿನ ಪಕ್ಕ ನಿಲ್ಲುವ ಇನ್ನೊಬ್ಬ, ರೋಗಿ ಉಳಿಯದಿದ್ದಾಗ ನೆಂಟರೆದುರು "ತೀರ್ಮಾನ ನನ್ನದೂ ಹೌದು" ಎನ್ನುವವನು. ಇಂಥ ಹಿರಿಯರು ಎಲ್ಲಿದ್ದಾರೆಂದು ಹುಡುಕಬೇಕಾಗಿಲ್ಲ. ನಮ್ಮ ಮನೆಯಿಂದ ರಾಮಯ್ಯ ವೈದ್ಯಕೀಯ ಕಾಲೇಜಿಗೆ ನಡೆದೇ ಹೋಗಬಹುದು. ನಡುರಾತ್ರಿ ನನ್ನ ಹೊಟ್ಟೆ ನೊಂದರೆ ಮೂವರು ತಜ್ಞರೂ ಒಂದೇ ಸೂರಿನಡಿ ಸಿಗುತ್ತಾರೆ. ಅವರಲ್ಲಿ ಕೆಲವರು ತಿಂಗಳಿಗೆ ನಾಲ್ಕು ದಿನ ಒಂದು ತಾಲ್ಲೂಕಿಗೆ ಸಲ್ಲಬೇಕೆಂದರೆ, ಆ ನಾಲ್ಕು ದಿನ ನನ್ನ ಸರತಿ ಹಿಂದೆ ಸರಿಯುತ್ತದೆ. ಒಪ್ಪುತ್ತೇನೆಯೆ? ಒಪ್ಪಬೇಕು, ಮನಸ್ಸು ಸುಲಭವಾಗಿ ಒಪ್ಪುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ಮಾವನ ಮಗ ಬಂದಿದ್ದ. ಆ ಸರ್ಜನ್ ಏನಾದರೆಂದು ಕೇಳಿದೆ. ವರ್ಷ ತುಂಬಿದ ದಿನವೇ ಹೊರಟುಹೋದರಂತೆ. ಆಪರೇಷನ್ ಥಿಯೇಟರಿಗೆ ಬೀಗ ಹಾಕಿದೆಯಂತೆ. ಹೆಸರೇನೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.