ಚೀಟಿ ಎತ್ತುವ ವೈದ್ಯರು

ವೆಂಟಿಲೇಟರ್ ಮೇಲಿರುವ ರೋಗಿಗೆ ಯಾವ ಚಿಕಿತ್ಸೆಯೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ಆರಿಸಿದರೆ, ಅದು ಧರ್ಮವೇ? ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ, ಸಂಶೋಧನೆ ಎರಡನ್ನೂ ಹೊತ್ತ ವೈದ್ಯರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡುವುದು ದಶಕಗಳ ರೂಢಿಯಾಗಿತ್ತು. ಮಿದುಳಿನ ಊತ ಇಳಿದೀತೆಂಬ ನಿರೀಕ್ಷೆ. ಲಂಡನ್ನಿನಿಂದ ನಡೆದ 'ಕ್ರ್ಯಾಶ್' ಅಧ್ಯಯನ 10,008 ಗಾಯಾಳುಗಳನ್ನು ಹೀಗೆ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿತು. 2004ರಲ್ಲಿ ಲೆಕ್ಕ ತಲೆಕೆಳಗಾಯಿತು: ಎರಡು ವಾರದೊಳಗೆ ಮದ್ದು ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9 ಮಂದಿ ತೀರಿಕೊಂಡಿದ್ದರು.

ಕೋವಿಡ್ ಬಂದಾಗ ಕಥೆ ಮಗುಚಿತು. ಬ್ರಿಟನ್ನಿನ 'ರಿಕವರಿ' ಅಧ್ಯಯನದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ವೆಂಟಿಲೇಟರ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದು ಪಾಲು ತಗ್ಗಿಸಿತು. ಅದೂ ಸ್ಟೀರಾಯ್ಡೇ!

ಯಾವುದು ಮೇಲೆಂದು ತಜ್ಞರಲ್ಲೇ ಒಮ್ಮತವಿಲ್ಲದಿದ್ದರೆ ಚೀಟಿ ಎತ್ತುವುದು ತಪ್ಪಲ್ಲವೆಂದು 1987ರಲ್ಲಿ ವೈದ್ಯಕೀಯ ನೀತಿಚಿಂತಕ ಬೆಂಜಮಿನ್ ಫ್ರೀಡ್‌ಮನ್ ವಾದಿಸಿದರು. ಆದರೆ ರೋಗಿಗೆ ಪ್ರಜ್ಞೆಯಿಲ್ಲ. ಒಪ್ಪಿಗೆ ಪತ್ರದ ಮುಂದೆ ಪೆನ್ನು ಹಿಡಿದು ಕೂತವಳು ಕಣ್ಣೊರೆಸಿಕೊಳ್ಳುತ್ತಿರುವ ಮಗಳು. "ನಿಮ್ಮ ತಂದೆಯಾಗಿದ್ದರೆ ಏನು ಮಾಡ್ತಿದ್ರಿ, ಡಾಕ್ಟ್ರೇ?" ಎಂದರೆ "ಗೊತ್ತಿಲ್ಲ" ಎನ್ನುವುದೇ ಸತ್ಯವಾದ ಉತ್ತರ. ಅದನ್ನು ಕೇಳಿಸಿಕೊಂಡೂ ಆಕೆ ಬೇಡವೆನ್ನುವಷ್ಟು ಸ್ವತಂತ್ರಳೇ?

ರೋಗಿ ವೈದ್ಯರ ಹಂಗಿನಲ್ಲಿದ್ದರೆ ಒಪ್ಪಿಗೆಯನ್ನು ಆ ನಂಟಿಗೆ ಹೊರತಾದ ಅರ್ಹರೇ ಕೇಳಬೇಕೆನ್ನುತ್ತದೆ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ. ರಾತ್ರಿ ಪಾಳಿಯಲ್ಲಿ ಅಂಥವರು ಸಿಗುವುದೇ ಕಷ್ಟ.